ಒಕ್ಕಣ್ಣನಿಗಿಟ್ಟ ಗಂಧ

ಲಕ್ಷ್ಮೀಪತಿ ಮಾತನಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಹೊಸೂರಿನಲ್ಲಿ ಅವನ ಪರಿಚಯವಿದ್ದವರಿಗೆಲ್ಲ ಇದು ಗೊತ್ತಿತ್ತು. ಬಸ್ಸಿನ ಬಾಗಿಲು ಹಾಕುವಾಗ ಕಂಡಕ್ಟರನ ಬೆರಳು ಎಲ್ಲಿದೆ, ಗಿರಣಿಯಲ್ಲಿ ಹಿಟ್ಟು ಬಾಚುವ ಹೆಂಗಸಿನ ಕೈ ತಿರುಗುವ ಪಟ್ಟಾದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಕಾಣದೆ ಅವನಿಗೆ ಮುಂದಿನ ಉಸಿರು ಬರುತ್ತಿರಲಿಲ್ಲ. ಒಮ್ಮೆ ಜೂಜುವಾಡಿಯಲ್ಲಿ, ಲಾರಿಗಳ ಸಾಲಿನ ಪಕ್ಕದಲ್ಲಿ ಕಬ್ಬಿನ ಹಾಲು ಮಾರುವವನ ಮುಂದೆ ನಿಂತಿದ್ದಾಗ, ಉರುಳೆಗಳ ನಡುವೆ ಕಬ್ಬಿನ ಜಲ್ಲೆಯನ್ನು ತಳ್ಳುತ್ತಿದ್ದ ಅವನ ಕೈಯನ್ನು ನೋಡಲಾರದೆ, "ನಿಲ್ಲಿಸಪ್ಪಾ, ಸ್ವಲ್ಪ ನಿಲ್ಲಿಸು" ಎಂದುಬಿಟ್ಟ.

"ಯಾಕ್ ಸಾಮಿ, ನೊಣ ಬಿತ್ತಾ?"

"ಇಲ್ಲ. ಕೈ ಸ್ವಲ್ಪ ಹಿಂದೆ ಹಿಡ್ಕೋ."

"ಈ ಮಿಷಿನ್ನು ಬಂದಾಗಿಂದ ಇದೇ ಕೈ ಸಾಮಿ, ಬೇಕಾರೆ ಮುಟ್ ನೋಡಿ. ನಿಮ್ಗೆ ಹಾಲು ಬೇಕಾ, ನನ್ ಬೆಳ್ಳು ಬೇಕಾ?"

ಸುತ್ತ ನಿಂತಿದ್ದ ಲಾರಿಯವರು ನಕ್ಕರು. ಲಕ್ಷ್ಮೀಪತಿ ತುಂಬಿದ ಲೋಟವನ್ನು ಹಲಗೆಯ ಮೇಲೆಯೇ ಬಿಟ್ಟು, ಹಿಂತಿರುಗಿ ನೋಡದೆ ಅತ್ತಿಬೆಲೆಯ ಕಡೆಗೆ ನಡೆದುಬಿಟ್ಟ. ಅವನು ಹೋಗಬೇಕಿದ್ದುದು ಹೊಸೂರಿನ ಕಡೆಗೆ.

ಹುಟ್ಟಿನಿಂದ ಅವನು ಅಂಜುಬುರುಕನಲ್ಲ. ತಂದೆ ರಾಮಸ್ವಾಮಿ ಹೊಸೂರಿನ ಕನ್ನಡ ಶಾಲೆಯೊಂದರಲ್ಲಿ ಉಪಾಧ್ಯಾಯರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂಬ ಆ ಊರಿನ ಕ್ರಮದಲ್ಲಿಯೇ ಬೆಳೆದ ಲಕ್ಷ್ಮೀಪತಿ ಕೃಷ್ಣಗಿರಿಯಲ್ಲಿ ಡಿಪ್ಲೊಮಾ ಮುಗಿಸಿ, ಎಪ್ಪತ್ತರ ದಶಕದ ಬಹುಭಾಗವನ್ನು ರೇಡಿಯೊ ರಿಪೇರಿಯಲ್ಲಿ ಕಳೆದ. ಕೆಟ್ಟ ರೇಡಿಯೊ ಅವನಿಗೆ ಪ್ರಿಯವಾಗಿತ್ತು, ಏಕೆಂದರೆ ಅದರ ತೊಂದರೆಗೆ ಒಂದು ಜಾಗವಿರುತ್ತಿತ್ತು. ಸುಟ್ಟುಹೋದ ಕಂಡೆನ್ಸರನ್ನೋ ಬಿಟ್ಟುಹೋದ ಬೆಸುಗೆಯನ್ನೋ ಹುಡುಕಿ ಸರಿಪಡಿಸಿದರೆ ರೇಡಿಯೊ ಹಾಡುತ್ತಿತ್ತು; ಹಾಡಿದ ಮೇಲೆ ಯಾರಿಗೂ ಅನುಮಾನ ಉಳಿಯುತ್ತಿರಲಿಲ್ಲ. ಲೋಕದ ತೊಂದರೆಗಳೆಲ್ಲ ಹೀಗೆಯೇ ಎಲ್ಲೋ ಒಂದು ಮೂಲೆಯಲ್ಲಿ ಕುಳಿತಿರುತ್ತವೆ, ಹುಡುಕುವವನಿಗೆ ತಾಳ್ಮೆ ಬೇಕಷ್ಟೆ ಎಂದು ಅವನು ನಂಬಿದ್ದ.

ಊರ ಹೊರಗಿನ ರಾಗಿ ಹೊಲಗಳ ಮೇಲೆ ಕಾರ್ಖಾನೆಗಳ ಷೆಡ್ಡುಗಳು ಏಳತೊಡಗಿದಾಗ, ಗೋಪೀನಾಥ ಎಂಬ ಊರಿನವರೇ ಆದ ಒಬ್ಬರು ಎರಡು ಕೋಣೆಗಳ ಸಣ್ಣ ಘಟಕವೊಂದನ್ನು ತೆರೆದರು. ಯಂತ್ರಗಳನ್ನು ನಡೆಸುವ, ನಿಲ್ಲಿಸುವ ವಿದ್ಯುತ್ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತಿದ್ದವು; ಅವನ್ನು ಎಲ್ಲರೂ ಪ್ಯಾನೆಲ್ ಎನ್ನುತ್ತಿದ್ದರು. ಲಕ್ಷ್ಮೀಪತಿ ಅಲ್ಲಿ ವಿನ್ಯಾಸದ ಕೆಲಸಕ್ಕೆ ಸೇರಿದ. ಅದೇ ಸಾಲಿನ ದೊಡ್ಡ ಷೆಡ್ಡೊಂದರಲ್ಲಿ ಪ್ರೆಸ್ ಷಾಪ್ ಇತ್ತು. ಕೆಳಗಿನ ಅಚ್ಚಿನ ಮೇಲೆ ಕೈಯಿಂದ ತಗಡಿಟ್ಟು, ಕಾಲಿನಿಂದ ಪೆಡಲ್ ಒತ್ತಿದರೆ, ಮೇಲಿನ ಅಚ್ಚು ದಢ್ ಎಂದು ಇಳಿದು ತಗಡನ್ನು ಕತ್ತರಿಸುತ್ತಿತ್ತು. ತಗಡಿಡಬೇಕಾದ ಜಾಗ, ಅಚ್ಚು ಬೀಳುವ ಜಾಗ ಎರಡೂ ಒಂದೇ. ಗೋಪೀನಾಥರ ಮೊದಲ ದೊಡ್ಡ ಗಿರಾಕಿ ಈ ಪ್ರೆಸ್ ಷಾಪ್.

ಅವರಿಗಾಗಿ ಲಕ್ಷ್ಮೀಪತಿ ಮೊದಲು ಮಾಡಿದ್ದು ಡಿಜಿಟಲ್ ಕೌಂಟರ್. ಅಚ್ಚು ಬಿದ್ದಂತೆಲ್ಲ ಕಪ್ಪು ಗಾಜಿನ ಹಿಂದೆ ಕೆಂಪು ಅಂಕಿಗಳು ತಾವಾಗಿಯೇ ಏರುತ್ತಿದ್ದವು. ಷೆಡ್ಡಿನವರು ಸಿನಿಮಾ ಪರದೆಯ ಮುಂದೆ ನಿಂತಂತೆ ಅದರ ಮುಂದೆ ನಿಂತರು. ಸೂಪರ್‌ವೈಸರ್ ಮುನಿವೆಂಕಟಪ್ಪ ಮರುದಿನವೇ ಎಲ್ಲ ಕೌಂಟರುಗಳನ್ನೂ ನಡುದಾರಿಯ ಕಡೆಗೆ ತಿರುಗಿಸಿ ಕೂರಿಸಿದ.

"ನೋಡ್ರುಲಾ, ಆ ಮೂಲೆ ಮಿಷಿನ್ನು ಎಲ್ಗೋಯ್ತು! ನೀವಿನ್ನಾ ಬೀಡಿ ತುದಿ ಹುಡುಕ್ತಾ ಕೂತಿದೀರ" ಎಂದು ಅವನು ದಾರಿಯುದ್ದಕ್ಕೂ ಹೇಳುತ್ತ ನಡೆಯುತ್ತಿದ್ದ.

ಆ ದಿನದಿಂದ ಕೈಗಳ ವೇಗ ಹೆಚ್ಚಿತು. ಬೇರಿಕೆಯ ಕಡೆಯಿಂದ ಬರುವವರ ಕೈಗಳು ಇನ್ನೂ ಹೆಚ್ಚು, ಏಕೆಂದರೆ ಆ ದಿನದ ಅಂಕಿ ಮುಟ್ಟದೆ ಅವರು ಏಳುವಂತಿರಲಿಲ್ಲ, ಸಂಜೆಯ ಬಸ್ಸು ಅವರಿಗಾಗಿ ಕಾಯುತ್ತಿರಲಿಲ್ಲ. ಒಂದು ಸಂಜೆ, ಬಸ್ಸಿನ ಹೊತ್ತು ಹತ್ತಿರವಾದಾಗ, ಒಬ್ಬನ ಬೆರಳ ತುದಿ ಅಚ್ಚಿನಡಿ ಹೋಯಿತು. ಮಾಲೀಕರು ಗೋಪೀನಾಥರಿಗೆ ಹೇಳಿ ಕಳಿಸಿದರು: ಏನಾದರೂ ಮಾಡಿ.

ಲಕ್ಷ್ಮೀಪತಿಗೆ ಇದು ಇನ್ನೊಂದು ಕೆಟ್ಟ ರೇಡಿಯೊ. ಪೆಡಲ್ ತೆಗೆದು, ಎರಡು ಕೈಗೆ ಎರಡು ಗುಂಡಿ ಕೊಟ್ಟ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುತ್ತದೆ, ಆಗ ಎರಡು ಕೈಯೂ ಹೊರಗಿರುತ್ತವೆ. ವಾರ ಕಳೆಯುವುದರೊಳಗೆ ಪ್ರತಿ ಪ್ರೆಸ್ಸಿನಲ್ಲೂ ಒಂದು ಗುಂಡಿಯ ಮೇಲೆ ಸೈಕಲ್ ಟ್ಯೂಬಿನ ತುಂಡು ಬಿಗಿಯಾಗಿ ಸುತ್ತಿಕೊಂಡಿತ್ತು. ಒಂದು ಗುಂಡಿ ಸದಾ ಒತ್ತಿದಂತೆಯೇ ಇದ್ದರೆ ಒಂದು ಕೈ ತಗಡಿಗೆ ಬಿಡುವಾಗುತ್ತಿತ್ತು. ಅವನು ಗುಂಡಿಗಳನ್ನು ತೆಗೆದು ಪೆಡಲನ್ನು ಮತ್ತೆ ಜೋಡಿಸಿ, ಅಚ್ಚಿನ ಬಾಯಿಯ ಒಂದು ಪಕ್ಕದಲ್ಲಿ ಪುಟ್ಟ ದೀಪ, ಎದುರು ಪಕ್ಕದಲ್ಲಿ ಆ ಬೆಳಕನ್ನು ಕಾಯುವ ಒಂದು ಎಲೆಕ್ಟ್ರಾನಿಕ್ ಕಣ್ಣು ಇಟ್ಟ. ನಡುವೆ ಕೈ ಬಂದು ಬೆಳಕು ತಡೆದರೆ ಪೆಡಲ್ ಕೆಲಸ ಮಾಡದು. ಕೆಲಸಗಾರರು ಅದಕ್ಕೆ ಒಕ್ಕಣ್ಣ ಎಂದು ಹೆಸರಿಟ್ಟರು. "ಒಕ್ಕಣ್ಣ ನೋಡ್ತಾವ್ನೆ, ಸುಮ್ಕಿರ್ಲಾ" ಎಂಬುದು ಷೆಡ್ಡಿನ ಹಾಸ್ಯವಾಯಿತು. ಆದರೆ ಎಣ್ಣೆಯ ಆವಿಯೂ ತಗಡಿನ ಧೂಳೂ ಕೈಯಂತೆಯೇ ಬೆಳಕನ್ನು ತಡೆಯುತ್ತಿದ್ದವು. ಪ್ರೆಸ್ ಮತ್ತೆ ಮತ್ತೆ ನಿಂತಿತು, ಅಂಕಿ ಹಿಂದೆ ಬಿತ್ತು, ಬಸ್ಸು ತಪ್ಪಿತು. ಒಂದು ದಿನ ಲಕ್ಷ್ಮೀಪತಿ ಷೆಡ್ಡಿಗೆ ಬಂದಾಗ, ದೀಪವನ್ನೂ ಕಣ್ಣನ್ನೂ ಯಾರೋ ಕಳಚಿ ಒಂದು ಪ್ರೆಸ್ಸಿನ ಬೆನ್ನ ಹಿಂದೆ ಎದುರುಬದುರಾಗಿ ತಂತಿಯಿಂದ ಕಟ್ಟಿದ್ದರು.

ಆ ಪ್ರೆಸ್ಸಿನ ಆಪರೇಟರ್ ರಾಮಕೃಷ್ಣಪ್ಪ, ಬೇರಿಕೆಯ ಪಕ್ಕದ ಹಳ್ಳಿಯವನು, ಎಣ್ಣೆಗೈಯನ್ನು ಒರೆಸಿಕೊಳ್ಳುತ್ತ ನಗುತ್ತಿದ್ದ. "ಬೈಬ್ಯಾಡಿ ಸಾರ್. ಗಂಡ ಹೆಂಡ್ರ ತರ ಎದ್ರುಬದ್ರು ಕೂರ್ಸಿದೀವಿ. ಅವ್ರ ಪಾಡ್ಗೆ ಅವ್ರು ನೋಡ್ಕಂಡಿರ್ಲಿ, ನಮ್ ಪಾಡ್ಗೆ ನಾವು ಕೆಲ್ಸ ಮಾಡ್ತೀವಿ."

ಲಕ್ಷ್ಮೀಪತಿಯೂ ನಕ್ಕ. ನಕ್ಕು, ಹೊಸ ಕಣ್ಣೊಂದನ್ನು ಯೋಚಿಸಿದ. ಈ ಸಲ ದೀಪವೂ ಕಣ್ಣೂ ಒಂದೇ ಕಡೆ, ಒಂದರ ಮೇಲೊಂದು. ಒಳಗೆ ಕೈ ಬಂದರೆ ದೀಪದ ಬೆಳಕು ಕೈಗೆ ಬಡಿದು ಹಿಂತಿರುಗಿ ಕಣ್ಣನ್ನು ಸೇರುತ್ತದೆ. ಬೆಳಕು ಹಿಂತಿರುಗಿದರೆ ಪೆಡಲ್ ಸತ್ತಂತೆ. ಬೆಳಕು ಬಾರದಿದ್ದರೆ ಒಳಗೆ ಏನೂ ಇಲ್ಲ, ಪ್ರೆಸ್ ನಡೆಯಲಿ. ಧೂಳಿಗೂ ಆವಿಗೂ ಇದು ನಿಲ್ಲುತ್ತಿರಲಿಲ್ಲ. ಷೆಡ್ಡಿನಲ್ಲಿ ಎಲ್ಲರೂ ಇದನ್ನು ಒಪ್ಪಿದರು. ಯಾರೂ ಕಳಚಲಿಲ್ಲ, ಯಾರೂ ಕಟ್ಟಿಹಾಕಲಿಲ್ಲ. ಮುನಿವೆಂಕಟಪ್ಪ ಬೆನ್ನು ತಟ್ಟಿದ. ಇನ್ನು ಒಕ್ಕಣ್ಣನಿದ್ದಾನಲ್ಲ ಎಂದು, ಕೈ ಒಳಗಿರುವಾಗಲೂ ಪೆಡಲಿನ ಮೇಲಿಂದ ಕಾಲು ತೆಗೆಯದಿರುವುದು ಕೆಲಸಗಾರರಿಗೆ ರೂಢಿಯಾದದ್ದನ್ನು ಲಕ್ಷ್ಮೀಪತಿ ಗಮನಿಸಿದ. ಅದನ್ನು ತನ್ನ ಕಣ್ಣಿಗೆ ಸಂದ ಗೌರವ ಎಂದುಕೊಂಡ.

ಆ ವರ್ಷದ ಆಯುಧಪೂಜೆಗೆ ಪ್ರೆಸ್ ಷಾಪಿನವರು ಅವನನ್ನು ಕರೆದರು. ಯಂತ್ರಗಳನ್ನು ಸೀಮೆಎಣ್ಣೆಯಿಂದ ತೊಳೆದು, ಬಾಳೆಕಂದು ಕಟ್ಟಿ, ಮಾವಿನೆಲೆ ತೂಗಿಬಿಟ್ಟಿದ್ದರು. ಪ್ರತಿಯೊಬ್ಬ ಆಪರೇಟರನೂ ತನ್ನ ಯಂತ್ರಕ್ಕೆ ತಾನೇ ವಿಭೂತಿ ಬಳಿದು ಬೊಟ್ಟಿಡುವುದು ಅಲ್ಲಿಯ ಪದ್ಧತಿ. ರಾಮಕೃಷ್ಣಪ್ಪ ಸ್ನಾನ ಮಾಡಿ, ಒಗೆದ ಷರ್ಟು ತೊಟ್ಟು ಬಂದಿದ್ದ. ಯಂತ್ರದ ಹಣೆಗೆ ಮೂರು ಪಟ್ಟೆ ಎಳೆದ. ಕೌಂಟರಿಗೆ, ಪೆಡಲಿಗೆ ಕುಂಕುಮವಿಟ್ಟ. ಆಮೇಲೆ ಉಂಗುರದ ಬೆರಳಿನಿಂದ ದಪ್ಪಗೆ ಗಂಧ ತೆಗೆದು ಒಕ್ಕಣ್ಣನ ಗಾಜಿನ ನಡುವಿಗೇ ಇಟ್ಟು, ಅದರ ಮೇಲೆ ಕುಂಕುಮ ಒತ್ತಿದ. ಹಿಂದೆ ಮಂಗಳಾರತಿಗೆ ಕಾದು ನಿಂತಿದ್ದ ಲಕ್ಷ್ಮೀಪತಿ ಅದನ್ನು ನೋಡಿದ. ಹಳದಿಯ ನಡುವೆ ಆ ಕೆಂಪು ಚೆಲುವಾಗಿತ್ತು. ತಾನು ಮಾಡಿದ ವಸ್ತುವೊಂದಕ್ಕೆ ಪೂಜೆ ಸಲ್ಲುವುದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಕರ್ಪೂರದ ತಟ್ಟೆ ಹತ್ತಿರ ಬಂದಾಗ ಕೈ ಮುಗಿದ.

ಪೂಜೆಯ ಬೊಟ್ಟನ್ನು ಯಾರೂ ಒರೆಸುವುದಿಲ್ಲ. ಅದು ಎಣ್ಣೆಯಲ್ಲಿ ತಾನಾಗಿ ಕರಗಬೇಕು. ರಜೆ ಕಳೆದು ಷೆಡ್ಡು ತೆರೆದ ಬೆಳಗ್ಗೆ, ಕಳೆದ ರಜೆಯ ಅಂಕಿಯನ್ನೂ ತುಂಬಿಕೊಡುವ ಅವಸರದಲ್ಲಿ, ಓರೆಯಾಗಿ ಕೂತ ತಗಡೊಂದನ್ನು ನೆಟ್ಟಗೆ ಮಾಡಲು ರಾಮಕೃಷ್ಣಪ್ಪ ಕೈ ಚಾಚಿದ. ಕಾಲು ಪೆಡಲಿನ ಮೇಲೆಯೇ ಇತ್ತು, ಬಾಗಿದ ಭಾರಕ್ಕೆ ಅದು ಒತ್ತಿಕೊಂಡಿತು. ಗಂಧದ ಹಿಂದಿನ ಕಣ್ಣಿಗೆ ಬೆಳಕು ಬರಲಿಲ್ಲ. ಬೆಳಕು ಬಾರದಿದ್ದರೆ ಒಳಗೆ ಏನೂ ಇಲ್ಲ. ಅಚ್ಚು ಇಳಿಯಿತು. ಬಲಗೈಯ ನಾಲ್ಕು ಬೆರಳು ಹೋದವು, ಹೆಬ್ಬೆರಳು ಉಳಿಯಿತು.

ತನಿಖೆ ನಡೆದು, ತಪ್ಪು ಆಪರೇಟರನದು ಎಂದಾಯಿತು. "ನಮ್ಮ ಪ್ಯಾನೆಲ್ ಸರಿಯಾಗೇ ಇತ್ತಲ್ಲಪ್ಪ" ಎಂದರು ಗೋಪೀನಾಥ. "ಕಣ್ಣಿಗೆ ಗಂಧ ಮೆತ್ತಿದ್ದು ಅವನು. ನೀನ್ಯಾಕೆ ಇಲ್ಲದ್ದನ್ನ ಮೈಮೇಲೆ ಎಳ್ಕೋತೀಯ? ಮುಂದಿನ ಆರ್ಡರ್ ನೋಡು."

ಲಕ್ಷ್ಮೀಪತಿ ತಾನು ನೋಡಿದ್ದೆನೆಂದು ಯಾರಿಗೂ ಹೇಳಲಿಲ್ಲ. ಆದರೆ ಅದು ಅವನನ್ನು ಬಿಡಲಿಲ್ಲ. ಕೆಲಸದ ಮೇಜಿನ ಮೇಲೆ ಪರೀಕ್ಷೆಗಿಟ್ಟ ಕೌಂಟರಿನಲ್ಲಿ, ಅಂಕಿಗಳ ಪಕ್ಕದ ಕೆಂಪು ದಶಾಂಶ ಬಿಂದು ಹೊತ್ತಿಕೊಂಡೊಡನೆ ಅವನು ಕೈ ಹಿಂದೆಳೆದುಕೊಳ್ಳುತ್ತಿದ್ದ; ಅದು ಬಿಂದುವಲ್ಲ, ಬೊಟ್ಟು. ಆ ಬಿಂದುಗಳ ಮೇಲೆಲ್ಲ ಕಪ್ಪು ಬಣ್ಣ ಬಳಿದ. ಮನೆಯಲ್ಲಿ ತಾಯಿ ಜಾನಕಮ್ಮ ಒರಳಿನ ಮುಂದೆ ಕುಳಿತು, ಒಂದು ಕೈಯಿಂದ ಗುಂಡು ತಿರುಗಿಸುತ್ತ ಇನ್ನೊಂದು ಕೈಯಿಂದ ಹಿಟ್ಟನ್ನು ಅದರಡಿಗೆ ನೂಕುವುದನ್ನು ಅವನು ಹುಟ್ಟಿದಾಗಿನಿಂದ ಕಂಡಿದ್ದ. ಈಗ ಆ ಕೈ ಒಳಗೆ ಹೋದಾಗಲೆಲ್ಲ ಅವನ ಹಲ್ಲು ಕಚ್ಚಿಕೊಳ್ಳುತ್ತಿದ್ದವು.

"ಅಮ್ಮ, ಅಂಗಡಿಯಿಂದ ಗ್ರೈಂಡರ್ ತರ್ತೀನಿ. ಇದನ್ನ ಬಿಡು."

"ಯಾಕೋ? ಈ ಕಲ್ಲು ನನ್ನ ಕೈ ನೋಡಿದೆ, ನನ್ನ ಕೈ ಕಲ್ಲನ್ನ ನೋಡಿದೆ. ನೀನೇ ನೋಡಬೇಡ, ಆಚೆ ಹೋಗು."

ಅಲ್ಲಿಂದ ಮುಂದೆ ಮನೆಯಲ್ಲಿ ಇಡ್ಲಿ ಮಾಡಿದ ದಿನ ಅವನು ಹಸಿವಿಲ್ಲವೆನ್ನುತ್ತಿದ್ದ.

ಷೆಡ್ಡಿನಲ್ಲಿ ಆ ಪ್ರೆಸ್ಸಿನ ಮೇಲೆ ಯಾರೂ ಕೂರಲಿಲ್ಲ. ಮುನಿವೆಂಕಟಪ್ಪ ಬೂದುಗುಂಬಳ ಒಡೆಸಿದ, ನಿಂಬೆಹಣ್ಣು ಕಟ್ಟಿಸಿದ. ಆದರೂ ಅದರ ಮುಂದೆ ನಡೆಯುವವರು ದಾರಿಯ ಆಚೆ ಅಂಚಿಗೆ ಸರಿಯುತ್ತಿದ್ದರು. "ರುಚಿ ನೋಡ್ಬುಟ್ಟದೆ ಸಾರ್ ಅದು. ಸುಮ್ನೆ ನಿಂತದೆ ಅನ್ಕೋಬ್ಯಾಡಿ, ಕಾಯ್ತಾ ನಿಂತದೆ" ಎಂದು ಒಬ್ಬ ಹೇಳಿದಾಗ ಲಕ್ಷ್ಮೀಪತಿಗೆ ಅದು ಮೂಢನಂಬಿಕೆ ಎನಿಸಲಿಲ್ಲ.

ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ, ಹಣ್ಣು ಬ್ರೆಡ್ಡು ಹಿಡಿದು ಅವನು ರಾಮಕೃಷ್ಣಪ್ಪನ ಹಳ್ಳಿಗೆ ಹೋದ. ರಾಮಕೃಷ್ಣಪ್ಪ ಬಲಗೈಗೆ ಟವೆಲ್ ಸುತ್ತಿಕೊಂಡು ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ.

"ಲೇ ಗೋವಿಂದಿ, ಪ್ಯಾನೆಲ್ ಸಾರ್ ಬಂದವ್ರೆ, ಚಾಪೆ ಹಾಸು."

ಹೆಂಡತಿ ಗೋವಿಂದಮ್ಮ ಚಾಪೆ ಹಾಸಿ, ಬಾಗಿಲ ಪಕ್ಕದಲ್ಲಿ ನಿಂತಳು.

"ನೋವು ಹೇಗಿದೆ?"

"ಇರೋ ಬೆಳ್ಳು ನೋಯಾಕಿಲ್ಲ ಸಾರ್. ಇಲ್ದಿರೋವೇ ನೋಯ್ತವೆ." ಅವನು ತಮಾಷೆಯ ಸಂಗತಿ ಹೇಳುವವನಂತೆ ಮುಂದಕ್ಕೆ ಬಾಗಿದ. "ಬೆಳಿಗ್ಗೆ ಶಿಫ್ಟ್ ಸುರುವಾಗೋ ಹೊತ್ಗೆ ಬಿಸಿ ಆಗಾಕ್ ಹತ್ತುತ್ತವೆ. ಕತ್ತರಿಸಿದ್ ತಗಡು ಬಿಸಿ ಇರ್ತದಲ್ಲ, ಹಂಗೆ. ಊಟದ ಬೆಲ್ ಹೊತ್ಗೆ ತಣ್ಣಗಾಯ್ತವೆ. ನಾನಿಲ್ಲೇ ಕೂತಿದ್ರೂ ಅವು ಮಾತ್ರ ಡ್ಯೂಟಿಗೆ ಹೋಗ್ ಬತ್ತವೆ ಸಾರ್!"

ಅವನು ಒಬ್ಬನೇ ನಕ್ಕ. ಲಕ್ಷ್ಮೀಪತಿ ಅವನ ಟವೆಲನ್ನೇ ನೋಡುತ್ತಿದ್ದ.

"ರಾಮಕೃಷ್ಣಪ್ಪ, ಪೂಜೆ ದಿನ ಆ ಗಂಧ... ಅದನ್ನ ನಾನು ನೋಡಿದ್ದೆ. ಕಣ್ಣಿನ ಮೇಲೇ ಇಟ್ಟೆ ನೀನು. ನೋಡಿ, ಕೈ ಮುಗಿದೆ."

"ಗೊತ್ತು ಸಾರ್. ಹಿಂದೇನೇ ನಿಂತಿದ್ರಲ್ಲ." ರಾಮಕೃಷ್ಣಪ್ಪನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಇಡೋಕ್ ಮುಂಚೆ ನಂಗೂ ಒಂದ್ಗಳಿಗೆ ಅನುಮಾನ ಬಂತು, ಕಣ್ಣಿನ್ ಮ್ಯಾಲೆ ಇಡ್ಬೌದಾ ಅಂತ. ತಿರುಗ್ ನೋಡ್ದೆ. ನೀವು ನಗ್ತಾ ಇದ್ರಿ. ಮಾಡ್ದೋರೇ ಸುಮ್ಕಿದ್ದ ಮ್ಯಾಲೆ ಏನೂ ಆಗಾಕಿಲ್ಲ ಅಂದ್ಕಂಡೆ."

ಲಕ್ಷ್ಮೀಪತಿಗೆ ಆ ತಿರುಗಿದ ಮುಖ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ನೆನಪಿಗೆ ಬಂದದ್ದು ಹಳದಿ, ಅದರ ನಡುವೆ ಕೆಂಪು.

ಆಗ ಬಾಗಿಲ ಬಳಿಯಿಂದ ಗೋವಿಂದಮ್ಮ ಮಾತಾಡಿದಳು. ಗಂಡನ ಬದಲು ಅವಳಿಗೆ ಕೆಲಸ ಕೊಡಲು ಮಾಲೀಕರು ಒಪ್ಪಿದ್ದರು. "ಹಬ್ಬ ಕಳೀತಿದ್ದಂಗೆ ಬಾ ಅಂದವ್ರೆ. ಅದೇ ಮಿಷಿನ್ನಂತೆ."

"ಅದೇ ಯಾಕೆ?"

"ಬ್ಯಾರೆ ಯಾರೂ ಕೂರಾಕಿಲ್ವಲ್ಲ. ಮಿಕ್ಕಿದ್ದೆಲ್ಲ ಬ್ಯಾರೇರ್ದು, ಖಾಲಿ ಇರೋದು ಅದೊಂದೇ. ಬ್ಯಾಡ ಅಂದ್ರೆ ಕೆಲ್ಸ ಇಲ್ಲ. ಇವ್ರು ಬ್ಯಾಡ ಅಂತವ್ರೆ, ನಾನ್ ಹೋಯ್ತೀನಿ ಅಂತೀನಿ."

"ನನ್ ಬೆಳ್ಳು ಅಲ್ಲೇ ಅವೆ, ಅವ್ಳನ್ನ ನೋಡ್ಕಂತವೆ ಬಿಡಿ ಸಾರ್" ಎಂದ ರಾಮಕೃಷ್ಣಪ್ಪ. ಈ ಸಲ ಅವನೂ ನಗಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಲಕ್ಷ್ಮೀಪತಿ ಅವಳ ಕೈಗಳನ್ನು ನೆನೆದ. ರಾಗಿ ಬೀಸಿದ, ಕಳೆ ಕಿತ್ತ, ಗಂಡನಿಗೆ ತುತ್ತಿಟ್ಟು ಉಣಿಸುತ್ತಿದ್ದ ಕೈಗಳು. ಆ ಪ್ರೆಸ್ಸಿನ ಬಾಯಿಗೆ ಅವು ಬರುವ ಮೊದಲು ತಾನು ಒಂದು ಉತ್ತರ ಕಂಡುಹಿಡಿಯಬೇಕು. ಇಲ್ಲವಾದರೆ ಮುಂದೆ ಯಾವ ಪೆಟ್ಟಿಗೆಯನ್ನೂ ಮಾಡಬಾರದು.

ಅವನು ಮೊದಲಿನಿಂದ ಯೋಚಿಸಿದ. ಡಿಜಿಟಲ್ ಪೆಟ್ಟಿಗೆಗೆ ಗೊತ್ತಿರುವುದು ಎರಡೇ ಮಾತು, ಒಂದು ಮತ್ತು ಸೊನ್ನೆ. ಕೈ ಕಂಡರೆ ಒಂದು, ಕಾಣದಿದ್ದರೆ ಸೊನ್ನೆ. ಕಣ್ಣು ಕುರುಡಾದರೂ ಸೊನ್ನೆ. ಒಳಗೆ ಯಾರೂ ಇಲ್ಲ ಎಂಬುದಕ್ಕೂ ನನಗೆ ಏನೂ ಕಾಣುತ್ತಿಲ್ಲ ಎಂಬುದಕ್ಕೂ ಅವನು ಒಂದೇ ಅಂಕಿ ಕೊಟ್ಟಿದ್ದ. ತಪ್ಪು ಇಷ್ಟು ಚಿಕ್ಕದಾಗಿತ್ತು. ಅವನು ದೀಪವನ್ನು ಮತ್ತೆ ಎದುರು ಪಕ್ಕಕ್ಕೆ ಒಯ್ದ. ಪೆಡಲ್ ಒತ್ತಿದಾಗಲೆಲ್ಲ ಆ ದೀಪ ಒಮ್ಮೆ ಮಿನುಗಬೇಕು; ಕಣ್ಣು ಕತ್ತಲೆಯನ್ನೂ ಕಾಣಬೇಕು, ಬೆಳಕನ್ನೂ ಕಾಣಬೇಕು, ಮತ್ತೆ ಕತ್ತಲೆಯನ್ನು ಕಾಣಬೇಕು; ಕಂಡೆ ಎಂದು ಪೆಟ್ಟಿಗೆಗೆ ಹೇಳಿದರೆ ಮಾತ್ರ ಅಚ್ಚು ಇಳಿಯಬೇಕು. ಕೈ ಅಡ್ಡ ಬಂದರೂ, ಗಂಧ ಅಡ್ಡ ಬಂದರೂ, ಕಳಚಿ ಎಲ್ಲೋ ಕಟ್ಟಿದ ದೀಪ ಸದಾ ಉರಿಯುತ್ತಿದ್ದರೂ, ಇಳಿಯಬಾರದು.

ಮೇಜಿನ ಮೇಲೆ ಅದು ಕೆಲಸ ಮಾಡಿತು. ಆದರೆ ಮೇಜಿನ ಮೇಲೆ ಎಲ್ಲವೂ ಕೆಲಸ ಮಾಡಿದ್ದವು. ಇದು ಧೂಳಿಗೆ ಮತ್ತೆ ನಿಲ್ಲುತ್ತದೆ. ನಿಂತರೆ ಅಂಕಿ ಹಿಂದೆ ಬೀಳುತ್ತದೆ. ಬಿದ್ದರೆ ಬಸ್ಸು ತಪ್ಪುತ್ತದೆ. ತಪ್ಪಿದ ಮರುದಿನ ಯಾರೋ ಒಂದು ಉಪಾಯ ಹುಡುಕುತ್ತಾರೆ, ಆ ಉಪಾಯ ಏನೆಂದು ಮೇಜಿನ ಮುಂದೆ ಕುಳಿತವನಿಗೆ ಎಂದೂ ತಿಳಿಯುವುದಿಲ್ಲ. ತಾನು ರೇಡಿಯೊದಂತೆ ಬಿಚ್ಚಿ ನೋಡುತ್ತಿದ್ದ ತೊಂದರೆ ಪೆಟ್ಟಿಗೆಯೊಳಗೆ ಎಂದೂ ಇರಲಿಲ್ಲ. ಅದು ಕೌಂಟರಿನ ಕೆಂಪಿನಲ್ಲಿತ್ತು, ಬಸ್ಸಿನ ಹೊತ್ತಿನಲ್ಲಿತ್ತು, ಮುನಿವೆಂಕಟಪ್ಪನ ನಾಲಿಗೆಯಲ್ಲಿತ್ತು, ಉಂಗುರದ ಬೆರಳಿನ ಭಕ್ತಿಯಲ್ಲಿತ್ತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು.

ಅವನು ಮುನಿವೆಂಕಟಪ್ಪನ ಬಳಿ ಹೋದ.

"ಕಣ್ಣು ಒರೆಸೋ ಹೊತ್ತನ್ನ ಕೆಲಸದ ಹೊತ್ತು ಅಂತಲೇ ಹಿಡೀಬೇಕು."

"ಒಳ್ಳೆ ಕತೆ ಸಾರ್. ಕಣ್ಣೊರ್ಸೋದೂ ಒಂದ್ ಕೆಲ್ಸವಾ? ಹಂಗಾರೆ ನಮ್ಮನೇವ್ಳಿಗೇ ಎಲ್ರಿಗಿಂತ ಜಾಸ್ತಿ ಸಂಬ್ಳ ಕೊಡ್ಬೇಕು."

"ಕೌಂಟರ್ ಗೋವಿಂದಮ್ಮನ ಕಡೆ ತಿರುಗಿರಲಿ. ದಾರಿ ಕಡೆ ಬೇಡ."

"ಯಾಕೆ? ಅದನ್ನ ಮಾಡ್ಕೊಟ್ಟೋರು ಯಾರು? ನೀವೇ ತಾನೆ?"

"ನಾನೇ" ಎಂದ ಲಕ್ಷ್ಮೀಪತಿ. "ಅದಕ್ಕೇ ಕೇಳ್ತಿರೋದು."

ಮುನಿವೆಂಕಟಪ್ಪ ಆ ನಿಂತ ಪ್ರೆಸ್ಸಿನ ಕಡೆ ನೋಡಿದ. ಬೆರಳು ಹೋದ ಬೆಳಗ್ಗೆ ರಾಮಕೃಷ್ಣಪ್ಪನನ್ನು ಟೆಂಪೋದವರೆಗೆ ಹೊತ್ತೊಯ್ದವನು ಅವನೇ. "ಆ ಒಂದ್ ಮಿಷಿನ್ನಿಗೆ ಮಾತ್ರ ಒಪ್ಕಂತೀನಿ" ಎಂದ ಕೊನೆಗೆ. "ಮಿಕ್ಕಿದ್ರ ತಂಟೆಗೆ ಬರ್ಬ್ಯಾಡಿ. ನಂಗೂ ಮೇಲೊಬ್ಬ ಅವ್ನೆ." ಅವನ ಬೆನ್ನ ಹಿಂದೆ ಉಳಿದ ಪ್ರೆಸ್ಸುಗಳೆಲ್ಲ ನಡೆಯುತ್ತಿದ್ದವು, ಪ್ರತಿಯೊಂದರಲ್ಲೂ ಹಳೆಯ ಕಣ್ಣು.

ಗೋವಿಂದಮ್ಮ ಕೆಲಸಕ್ಕೆ ಬಂದ ಬೆಳಗ್ಗೆ ಷೆಡ್ಡಿನವರೆಲ್ಲ ಕೆಲಸ ಬಿಟ್ಟು ಸುತ್ತ ಸೇರಿದರು. ಅವಳು ಸೆರಗನ್ನು ಬಿಗಿದು, ಗಾಜಿನ ಬಳೆಗಳನ್ನು ಮೊಣಕೈಯ ಕಡೆಗೆ ಏರಿಸಿ ಬಟ್ಟೆ ಕಟ್ಟಿದ್ದಳು. ಲಕ್ಷ್ಮೀಪತಿ ಮರದ ತುಂಡೊಂದನ್ನು ಅಚ್ಚಿನ ಮೇಲಿಟ್ಟು ಪೆಡಲ್ ಒತ್ತಿದ. ಪೆಟ್ಟಿಗೆಯೊಳಗೆ ಟಿಕ್ ಎಂದಿತು, ಅಚ್ಚು ಇಳಿಯಲಿಲ್ಲ. ಮತ್ತೆ ಒತ್ತಿದ. ಇಳಿಯಲಿಲ್ಲ.

"ಕಟ್ಗೆಗೆ ಬೆಳ್ಳೈತಾ ಸಾರ್?" ಎಂದಳು ಗೋವಿಂದಮ್ಮ.

ಅವಳು ಗೋಡೆಯಲ್ಲಿದ್ದ ದೇವರ ಪಟದ ಹಲಗೆಗೆ ಹೋಗಿ, ಅಲ್ಲಿದ್ದ ಬಟ್ಟಲನ್ನು ತಂದಳು. "ಆವತ್ತು ಇದಿತ್ತು" ಎಂದು, ಉಂಗುರದ ಬೆರಳಿನಿಂದ ಗಂಧ ತೆಗೆದು ಕಣ್ಣಿನ ಗಾಜಿಗೆ ದಪ್ಪಗೆ ಹಚ್ಚಿದಳು. ಒಂದು ಚೂರೂ ಗಾಜು ಕಾಣಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕುಳಿತು, ಚಪ್ಪಲಿ ಬಿಟ್ಟು, ಬರಿಗಾಲನ್ನು ಪೆಡಲಿನ ಮೇಲಿಟ್ಟಳು.

ಲಕ್ಷ್ಮೀಪತಿ ಮರದ ತುಂಡನ್ನು ತೆಗೆದ. ಅದರ ಜಾಗದಲ್ಲಿ ತನ್ನ ಬಲಗೈ ಇಟ್ಟ. ಯಾರೂ ಅವನನ್ನು ಕೇಳಿರಲಿಲ್ಲ. ಅಚ್ಚಿನ ಉಕ್ಕು ತಣ್ಣಗಿತ್ತು.

"ಸಾರ್, ಏನ್ ಸಾರ್ ಇದು" ಎಂದು ಮುನಿವೆಂಕಟಪ್ಪ ಮುಂದೆ ಬಂದ. ಗೋವಿಂದಮ್ಮ ತಲೆಯೆತ್ತದೆ ಕೇಳಿದಳು:

"ನೀವು ನೋಡಿದ್ರಂತೆ."

"ನೋಡ್ದೆ."

"ನಗ್ತಿದ್ರಂತೆ."

"ಹೌದಂತೆ. ನಂಗೆ ನೆನಪಿಲ್ಲ."

ಅವಳು ಪೆಡಲ್ ಒತ್ತಿದಳು.

ಟಿಕ್ ಎಂದಿತು. ಅಚ್ಚು ಮೇಲೆಯೇ ನಿಂತಿತ್ತು. ಅವಳು ಕಾಲೆತ್ತಿ ಮತ್ತೆ ಒತ್ತಿದಳು. ಟಿಕ್. ಮತ್ತೆ ಒತ್ತಿದಳು. "ಸಾಕಮ್ಮ, ಗೊತ್ತಾಯ್ತು, ಬುಡು" ಎಂದ ಮುನಿವೆಂಕಟಪ್ಪ, ಅವಳು ಬಿಡಲಿಲ್ಲ. ಹೊಲದಲ್ಲಿ ಹೆಂಟೆ ತುಳಿಯುವಂತೆ, ಮೈಯ ಭಾರವನ್ನೆಲ್ಲ ಹಿಮ್ಮಡಿಗೆ ಹಾಕಿ ಒತ್ತುತ್ತ ಹೋದಳು. ಅವಳ ಕಣ್ಣಿನಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತ್ತು. ಲಕ್ಷ್ಮೀಪತಿ ಕೈ ತೆಗೆಯಲಿಲ್ಲ. ಪ್ರತಿ ಟಿಕ್ಕಿಗೂ ಅಚ್ಚು ಬಿದ್ದೇಬಿಟ್ಟಿತೆಂದು ಅವನ ಮೈ ನಂಬುತ್ತಿತ್ತು.

ಕೊನೆಗೆ ಅವಳ ಕಾಲು ನಿಂತಿತು.

"ಕೈ ತಗೀರಿ ಸಾರ್" ಎಂದಳು. "ನಂಗ್ ಕೆಲ್ಸ ಅದೆ."

ಅವನು ಕೈ ತೆಗೆದು ನೋಡಿಕೊಂಡ. ಐದು ಬೆರಳೂ ಇದ್ದವು, ಐದರಲ್ಲಿ ಒಂದೂ ತನ್ನದೆನಿಸಲಿಲ್ಲ. ಗೋವಿಂದಮ್ಮ ಸೀಮೆಎಣ್ಣೆಯ ಬಟ್ಟೆಯಿಂದ ಗಾಜನ್ನು ಒರೆಸಿದಳು, ಅವಸರವಿಲ್ಲದೆ, ಅಂಚುಗಳನ್ನೂ ಬಿಡದೆ. ಸುತ್ತ ನಿಂತವರು ಒಬ್ಬೊಬ್ಬರಾಗಿ ತಮ್ಮ ಯಂತ್ರಗಳಿಗೆ, ಆ ಹಳೆಯ ಕಣ್ಣುಗಳ ಮುಂದಕ್ಕೆ, ಹಿಂತಿರುಗಿದರು. ಅವಳು ಮೊದಲ ತಗಡನ್ನು ತೆಗೆದುಕೊಂಡಳು.

ಕೈ ಒಳಗೆ ಹೋಯಿತು. ಹೊರಗೆ ಬಂತು. ಎದುರಿನ ದೀಪ ಒಮ್ಮೆ ಮಿನುಗಿ, ಅಚ್ಚು ದಢ್ ಎಂದು ಇಳಿದು ಎದ್ದಿತು. ಲಕ್ಷ್ಮೀಪತಿ ಹೋಗಬೇಕೆಂದುಕೊಂಡ, ಹೋಗಲಿಲ್ಲ. ಕೈ ಮತ್ತೆ ಒಳಗೆ ಹೋಯಿತು.